ಆರು ತಿಂಗಳ ಉಗುರು

ಮೂರು ವಾರಕ್ಕೊಮ್ಮೆ ಉಗುರು. ಮೂರು ವಾರಕ್ಕೊಮ್ಮೆ ಹುಬ್ಬು. ತಿಂಗಳಿಗೊಮ್ಮೆ ವ್ಯಾಕ್ಸಿಂಗ್, ಫೇಶಿಯಲ್. ಆರು ವಾರಕ್ಕೊಮ್ಮೆ ಕೂದಲಿಗೆ ಬಣ್ಣ. 2020ರ ಮಾರ್ಚ್‌ವರೆಗೆ ನನ್ನ ದಿನಗಳು ಹೀಗೆ ಹಂಚಿಹೋಗಿದ್ದವು. ಇವೆಲ್ಲ ನನಗೆ ಬೇಕಾ ಎಂದು ಒಂದು ದಿನವೂ ಕೂತು ಯೋಚಿಸಿರಲಿಲ್ಲ. ಪಾರ್ಲರ್‌ನಲ್ಲಿ ಒಂದು ಸಲದ್ದು ಮುಗಿಸಿ ಏಳುವಾಗಲೇ ಮುಂದಿನ ತಾರೀಖು ಬರೆಸಿ ಬರುತ್ತಿದ್ದೆ. ಆರು ವರ್ಷ ಹೀಗೇ ನಡೆದಿತ್ತು.

ಲಾಕ್‌ಡೌನ್ ಶುರುವಾದಾಗ ಜೆಲ್ ಪಾಲಿಶ್, ಅಂದರೆ ದೀಪದ ಕೆಳಗೆ ಗಟ್ಟಿ ಮಾಡಿಸುವ ಉಗುರುಬಣ್ಣ, ಹಾಕಿಸಿ ಎರಡು ವಾರವಾಗಿತ್ತು. ಕಡುಗೆಂಪು ಬಣ್ಣ, ಕನ್ನಡಿಯಂಥ ಹೊಳಪು. ಬುಡದಲ್ಲಿ ಮಾತ್ರ ಹೊಸ ಉಗುರಿನ ಸಣ್ಣ ಗೆರೆ ಕಾಣತೊಡಗಿತ್ತು. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಅಂದರೆ ಮೂರು ವಾರಕ್ಕೆ ಎರಡು ಮಿಲಿಮೀಟರ್‌ನಷ್ಟು ಖಾಲಿ ಜಾಗ. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ ಎಂದೇ ನನಗೆ ಅನ್ನಿಸುತ್ತಿತ್ತು. ಆ ಎರಡು ಮಿಲಿಮೀಟರ್ ಮುಚ್ಚಲು ಅಷ್ಟು ವರ್ಷ ಹೋಗಿ ಬಂದಿದ್ದೆ.

ನಾಲ್ಕನೇ ವಾರ ಜೆಲ್‌ನ ಮೂಲೆಗಳು ಏಳತೊಡಗಿದವು. ತಲೆ ಬಾಚುವಾಗ ಕೂದಲು ಅದಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಕೈ ತೊಳೆದಾಗ ನೀರು ಒಳಗೆ ಹೋಗಿ ನಿಲ್ಲುತ್ತಿತ್ತು. ಆಗ ದಿನಕ್ಕೆ ಹತ್ತಿಪ್ಪತ್ತು ಸಲ, ಒಂದೊಂದು ಸಲವೂ 20 ಸೆಕೆಂಡು ಕೈ ತೊಳೆಯುತ್ತಿದ್ದ ಕಾಲ ಅಲ್ವಾ. ಜೆಲ್ ಮೆತ್ತಗೆ ಮಾಡಿ ತೆಗೆಯುವ ಅಸಿಟೋನ್ ಮನೆಯಲ್ಲಿ ಇರಲಿಲ್ಲ. ತರೋಣ ಎಂದರೆ ಅಂಗಡಿ ಮುಚ್ಚಿತ್ತು.

ಒಂದು ರಾತ್ರಿ ಸುದ್ದಿ ನೋಡುತ್ತಾ ಕೂತಿದ್ದೆ. ಎಲ್ಲ ಕಡೆ ಸಾವಿನ ಲೆಕ್ಕ. ಕೈ ತನ್ನಷ್ಟಕ್ಕೆ ಜೆಲ್‌ನ ಮೂಲೆ ಹುಡುಕಿ ಎಳೆಯತೊಡಗಿತು. ಮೊದಲನೆಯದು ಒಂದೇ ಚಕ್ಕೆಯಾಗಿ ಬಂತು. ಎರಡನೆಯದಕ್ಕೆ ಸ್ವಲ್ಪ ನೋವಾಯಿತು. ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಹತ್ತೂ ಬೆರಳು ಮುಗಿದ ಮೇಲೆ ಮಡಿಲಲ್ಲಿ ಕೆಂಪು ಚಕ್ಕೆಗಳ ರಾಶಿ. ಒಂದನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಬಿಳಿಯ ಪುಡಿಯಂಥ ಪದರ ಅಂಟಿತ್ತು. ಅದು ನನ್ನ ಉಗುರೇ.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಹಳ ಜನ ಇದನ್ನೇ ಮಾಡುತ್ತಾರೆ. ಉಗುರು ಎಂದರೆ ಕೆರಾಟಿನ್ ತುಂಬಿದ ಸತ್ತ ಜೀವಕೋಶಗಳ ಪದರಗಳು. ಒಂದರ ಮೇಲೊಂದು ಗಟ್ಟಿಯಾಗಿ ಕೂತಿರುತ್ತವೆ. ಎಲ್ಲ ಸೇರಿದರೂ ದಪ್ಪ ಅರ್ಧ ಮಿಲಿಮೀಟರ್‌ನಷ್ಟೇ. ಜೆಲ್ ಹಾಕುವಾಗ ಅದು ಹಿಡಿದುಕೊಳ್ಳಲಿ ಎಂದು ಮೊದಲು ಉಗುರಿನ ಮೇಲ್ಮೈಯನ್ನು ಉಜ್ಜಿ ಒರಟು ಮಾಡುತ್ತಾರೆ. ಆಮೇಲೆ ಹಚ್ಚಿದ ದ್ರವ ದೀಪದ ಕೆಳಗೆ ಗಟ್ಟಿಯಾಗುತ್ತದೆ. ಅದರಲ್ಲಿರುವ ಸಣ್ಣ ಸಣ್ಣ ಅಣುಗಳು ಆ ಬೆಳಕಿಗೆ ಒಂದಕ್ಕೊಂದು ಬೆಸೆದುಕೊಂಡು ಪ್ಲಾಸ್ಟಿಕ್‌ನಂಥ ಹೊದಿಕೆ ಆಗುತ್ತವೆ. ಹೀಗೆ ಅಂಟಿದ್ದನ್ನು ಕಿತ್ತರೆ ಬಣ್ಣ ಒಂಟಿಯಾಗಿ ಬರುವುದಿಲ್ಲ, ಉಗುರಿನ ಮೇಲಿನ ಪದರವನ್ನೂ ಹೊತ್ತು ತರುತ್ತದೆ. ಸರಿಯಾಗಿ ತೆಗೆಯಬೇಕಾದರೆ ಮೇಲಿನ ಹೊಳಪಿನ ಪದರವನ್ನು ಮೆಲ್ಲಗೆ ಉಜ್ಜಬೇಕು. ಅಸಿಟೋನ್‌ನಲ್ಲಿ ನೆನೆಸಿದ ಹತ್ತಿ ಇಟ್ಟು, ಫಾಯಿಲ್ ಸುತ್ತಿ 10–15 ನಿಮಿಷ ಕಾಯಬೇಕು. ಅದು ಮೆತ್ತಗಾಗಿ ತಾನೇ ಜಾರಬೇಕು. ಜಾರದಿದ್ದರೆ ಇನ್ನೂ ಐದು ನಿಮಿಷ ಕಾಯಬೇಕು. ಕೆರೆಯಬಾರದು.

ಮರುದಿನ ಬೆಳಗ್ಗೆ ಪಾತ್ರೆ ತೊಳೆಯಲು ಕೈ ಇಟ್ಟೆ. ಉಗುರುಬೆಚ್ಚಗಿನ ನೀರೇ ಚುರ್ ಎಂದಿತು. ಸ್ಯಾನಿಟೈಸರ್ ಹಾಕಿದರೆ ಕಣ್ಣಲ್ಲಿ ನೀರು. ಡಬ್ಬಿಯ ಮುಚ್ಚಳ ತೆಗೆಯಲು ಹೋದರೆ ಉಗುರು ಕಾಗದದ ಹಾಗೆ ಮಡಚಿಕೊಳ್ಳುತ್ತಿತ್ತು. ಬಿಳಿ ಮಚ್ಚೆ, ಸಿಬಿರು ಎದ್ದ ತುದಿ, ಮಧ್ಯದಲ್ಲಿ ಕೆಂಪಾದ ಪಟ್ಟೆ. ನಾನು ಆರು ವರ್ಷದಿಂದ ಚೆಂದ ಮಾಡಿಸುತ್ತಿದ್ದದ್ದು ಇದನ್ನೇ.

ಅಮ್ಮ ನನ್ನ ಕೈ ಹಿಡಿದು ನೋಡಿದರು. "ನಿನ್ನ ಉಗುರು ನೋಡಿ ಎಷ್ಟು ವರ್ಷವಾಯ್ತೇ! ಚಿಕ್ಕವಳಿದ್ದಾಗ ನಾನೇ ಕತ್ತರಿಸ್ತಿದ್ದೆ. ಎಷ್ಟು ಗಟ್ಟಿ ಇತ್ತು ಗೊತ್ತಾ?" ಎಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು. ನನಗೂ ನೆನಪಿರಲಿಲ್ಲ. ಒಂದು ಬಣ್ಣ ತೆಗೆದ ಅರ್ಧ ಗಂಟೆಯಲ್ಲಿ ಇನ್ನೊಂದು ಹಾಕಿಸಿಕೊಂಡು ಬರುತ್ತಿದ್ದವಳು ನಾನು. ಬರಿ ಉಗುರನ್ನು ನಾನು ನೋಡುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ, ಅದೂ ಫೋನ್ ಕಡೆ ಕಣ್ಣಿಟ್ಟುಕೊಂಡು.

ಮೊದಲು ಹೊಳೆದ ಉಪಾಯ ಮತ್ತೆ ಮುಚ್ಚುವುದೇ. ಮನೆಯಲ್ಲೇ ಜೆಲ್ ಹಾಕಿಕೊಳ್ಳುವ ಕಿಟ್‌ಗಳನ್ನು ಆ ತಿಂಗಳುಗಳಲ್ಲಿ ಬಹಳ ಜನ ತರಿಸಿಕೊಂಡರು. ನಾನೂ ಒಂದನ್ನು ಆರಿಸಿಟ್ಟಿದ್ದೆ, ದುಡ್ಡು ಕಟ್ಟುವುದಷ್ಟೇ ಬಾಕಿ. ಆ ಹೊತ್ತಿಗೆ ಬೆರಳು ಇಷ್ಟು ಉರಿಯುತ್ತಿರುವಾಗ ಅದರ ಮೇಲೆ ಇನ್ನೊಂದು ಹಚ್ಚುವುದೇ ಎಂದು ಹೆದರಿ ಬಿಟ್ಟೆ. ಬಿಟ್ಟದ್ದು ಒಳ್ಳೆಯದಾಯಿತು ಎಂದು ಆಮೇಲೆ ತಿಳಿಯಿತು. ದೀಪ ಮತ್ತು ಜೆಲ್ ಒಂದಕ್ಕೊಂದು ಹೊಂದದಿದ್ದರೆ ಜೆಲ್ ಪೂರ್ತಿ ಗಟ್ಟಿಯಾಗುವುದಿಲ್ಲ. ಗಟ್ಟಿಯಾಗದ ರಾಸಾಯನಿಕ ಚರ್ಮಕ್ಕೆ ತಾಗುತ್ತಾ ಇದ್ದರೆ ಅಲರ್ಜಿ ಶುರುವಾಗಬಹುದು. ಇದರ ಬಗ್ಗೆ ಮುಂದೆ ಹೇಳುತ್ತೇನೆ. ಅದು ನನ್ನ ಕಥೆಗಿಂತ ದೊಡ್ಡದು.

ಹಾಗಾಗಿ ಕಾಯಲು ಕೂತೆ. ಉಗುರು ಹುಟ್ಟುವುದು ಬುಡದ ಚರ್ಮದ ಒಳಗೆ. ಹೆಬ್ಬೆರಳಿನಲ್ಲಿ ಬಿಳಿಯ ಅರ್ಧಚಂದ್ರ ಕಾಣುತ್ತದಲ್ಲ, ಅದು ಆ ಹುಟ್ಟುವ ಜಾಗದ ಹೊರಗೆ ಕಾಣುವ ತುದಿ. ಅಲ್ಲಿಂದ ಹೊರಟ ಉಗುರು ತುದಿ ತಲುಪಲು ಸುಮಾರು ಆರು ತಿಂಗಳು ಬೇಕು. ಕಾಲಿನ ಹೆಬ್ಬೆರಳಿಗಾದರೆ ಒಂದು ವರ್ಷವೋ ಒಂದೂವರೆ ವರ್ಷವೋ. ಹೊರಬಂದ ಉಗುರಿನಲ್ಲಿ ಜೀವವಿಲ್ಲ. ಹಾಳಾದ ಭಾಗವನ್ನು ಯಾವ ಎಣ್ಣೆಯೂ ಯಾವ ಸೀರಮ್ಮೂ ರಿಪೇರಿ ಮಾಡುವುದಿಲ್ಲ. ಬೆಳೆದು ತುದಿಗೆ ಬರಬೇಕು, ಕತ್ತರಿಸಿ ಬಿಸಾಡಬೇಕು, ಅಷ್ಟೇ. "ಉಗುರಿಗೆ ಉಸಿರಾಡಲು ಆಗಾಗ ಬಿಡುವು ಕೊಡಿ" ಎನ್ನುವ ಮಾತನ್ನೂ ಎಷ್ಟೋ ಸಲ ಕೇಳಿದ್ದೆ. ಉಗುರು ಉಸಿರಾಡುವುದಿಲ್ಲ. ಅದಕ್ಕೆ ಬೇಕಾದದ್ದೆಲ್ಲ ಕೆಳಗಿನ ರಕ್ತದಿಂದ ಬರುತ್ತದೆ. ಬಿಡುವು ಕೊಟ್ಟರೆ ಆಗುವ ಲಾಭ ಬೇರೆ. ಉಜ್ಜುವುದು, ನೆನೆಸುವುದು ನಿಲ್ಲುತ್ತದೆ. ಒಳಗೆ ಏನಾಗಿದೆ ಎಂದು ಕಣ್ಣಿಗೆ ಕಾಣುತ್ತದೆ.

ನಾನು ಮಾಡಿದ್ದು ಬಹಳ ಸಣ್ಣ ಕೆಲಸಗಳು. ಉಗುರನ್ನು ಬೆರಳಿನ ತುದಿಯಷ್ಟೇ ಉದ್ದ ಇಟ್ಟೆ. ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕಿದೆ. ನೀರಿನಲ್ಲಿ ಉಗುರು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ದಿನಕ್ಕೆ ಇಪ್ಪತ್ತು ಸಲ ಹೀಗಾದರೆ ಪದರ ಬಿಡುತ್ತದೆ. ಕೈ ತೊಳೆದ ಮೇಲೆ ಬುಡಕ್ಕೆ ಎಣ್ಣೆಯೋ ವ್ಯಾಸಲೀನೋ ಯಾವುದು ಕೈಗೆ ಸಿಕ್ಕಿತೋ ಅದನ್ನು ಸವರಿದೆ. ಒಬ್ಬ ಗೆಳತಿ ಬಯೋಟಿನ್ ಎನ್ನುವ ವಿಟಮಿನ್ ಮಾತ್ರೆ ನುಂಗು ಎಂದಳು. ದೇಹದಲ್ಲಿ ಬಯೋಟಿನ್ ಕೊರತೆ ಇದ್ದವರಿಗೆ ಅದರಿಂದ ಉಪಯೋಗ ಇದೆ, ಆದರೆ ಆ ಕೊರತೆ ಅಪರೂಪ. ಜಾಸ್ತಿ ಬಯೋಟಿನ್ ತೆಗೆದುಕೊಂಡರೆ ಥೈರಾಯ್ಡ್, ಹೃದಯಾಘಾತ ಪತ್ತೆ ಮಾಡುವ ಕೆಲವು ರಕ್ತ ಪರೀಕ್ಷೆಗಳೇ ತಪ್ಪು ತೋರಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಆಸ್ಪತ್ರೆ ಯಾವಾಗ ಬೇಕಾದರೂ ಬೇಕಾಗಬಹುದಾದ ವರ್ಷ ಅದು. ನಾನು ಮಾತ್ರೆ ತೆಗೆದುಕೊಳ್ಳಲಿಲ್ಲ.

ಎಡಗೈ ಹೆಬ್ಬೆರಳನ್ನು ಗುರುತಿಗೆ ಇಟ್ಟುಕೊಂಡೆ. ಪ್ರತಿ ಭಾನುವಾರ ಕಿಟಕಿಯ ಹತ್ತಿರ ಹಿಡಿದು ಫೋಟೋ ತೆಗೆಯುತ್ತಿದ್ದೆ. ಬುಡದಲ್ಲಿ ನುಣ್ಣಗಿನ, ತಿಳಿ ಗುಲಾಬಿಯ ಉಗುರು. ಅದರ ಮುಂದೆ ಬಿಳಿಚಿದ ಒರಟು ಉಗುರು. ಎರಡರ ನಡುವಿನ ಗಡಿ ವಾರವಾರ ಮುಂದೆ ಸರಿಯುತ್ತಿತ್ತು. ಹೊರಗೆ ಏನೂ ಸರಿಯಾಗದಿದ್ದ ದಿನಗಳಲ್ಲಿ ಇದೊಂದು ಸರಿಯಾಗುತ್ತಿದೆ ಎನ್ನುವುದು ನನಗೆ ನಿಜವಾಗಿಯೂ ಧೈರ್ಯ ಕೊಡುತ್ತಿತ್ತು.

ಹುಬ್ಬಿನ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಉಗುರನ್ನು ಮೇಜಿನ ಕೆಳಗೆ ಇಡಬಹುದು, ಮುಖವನ್ನು ಎಲ್ಲಿ ಇಡುವುದು? ದಿನವಿಡೀ ವೀಡಿಯೊ ಮೀಟಿಂಗ್. ಅಷ್ಟು ಹೊತ್ತು ನನ್ನ ಮುಖವನ್ನೇ ನಾನು ನೋಡುತ್ತಾ ಕೂರುವುದು ಅದೇ ಮೊದಲು. ಹುಬ್ಬಿನ ಕೆಳಗೆ ಕೂದಲು, ಮೇಲ್ದುಟಿಯ ಮೇಲೆ ಕೂದಲು, ಬೈತಲೆಯಲ್ಲಿ ಬಿಳಿ ಪಟ್ಟಿ. ಎರಡು ವಾರ ಕ್ಯಾಮೆರಾ ಆಫ್ ಮಾಡಿಯೇ ಕೂತೆ. ನೆಟ್‌ವರ್ಕ್ ಸರಿಯಿಲ್ಲ ಎಂದು ಸುಳ್ಳು ಹೇಳಿದೆ. ಆ ನಾಚಿಕೆ ನಿಜವಾದದ್ದು. ಅದನ್ನು ಇಲ್ಲಿ ಸಣ್ಣದು ಮಾಡಿ ಹೇಳಲು ನನಗೆ ಇಷ್ಟವಿಲ್ಲ. ಹುಬ್ಬು ಮಾಡಿಸದೆ ಹೊರಗೆ ಹೋಗಲಾರೆ ಎನ್ನುವ ಹುಡುಗಿಯರನ್ನು ಕಂಡರೆ ಇವತ್ತಿಗೂ ನನಗೆ ಅರ್ಥವಾಗುತ್ತದೆ.

ಎರಡೂವರೆ ತಿಂಗಳಿಗೆ ಹುಬ್ಬು ತನ್ನ ಆಕಾರಕ್ಕೆ ಬಂತು. ಹುಬ್ಬಿನ ಕೂದಲಿಗೆ ಬೆಳೆಯುವ ಕಾಲ ಕಡಿಮೆ, ಕೆಲವು ವಾರ ಅಷ್ಟೇ. ಆಮೇಲೆ ನಿಂತು ಉದುರಿಹೋಗುತ್ತದೆ. ಅದಕ್ಕೇ ಅದು ತಲೆಗೂದಲಿನ ಹಾಗೆ ಉದ್ದ ಆಗುವುದಿಲ್ಲ. ನನ್ನ ಹುಬ್ಬು ಅಪ್ಪನ ಹುಬ್ಬಿನ ಹಾಗೆ ಅಗಲವಾಗಿದೆ ಎಂದು ನನಗೆ ಆಗಲೇ ಗೊತ್ತಾದದ್ದು. ಎಡಗಡೆಯ ತುದಿಯಲ್ಲಿ ಮಾತ್ರ ಸಣ್ಣ ಜಾಗ ಖಾಲಿಯಾಗೇ ಉಳಿಯಿತು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ದಾರದಿಂದ ಕಿತ್ತರೆ ಕೆಲವು ಬೇರುಗಳು ಸೋತುಬಿಡುತ್ತವೆ. ಅವು ವಾಪಸ್ ಬರಲಿಲ್ಲ, ಇವತ್ತಿಗೂ ಇಲ್ಲ. ತೆಳು ಹುಬ್ಬು ಫ್ಯಾಷನ್ ಆಗಿದ್ದ ಕಾಲದಲ್ಲಿ ತೆಳು ಮಾಡಿಸಿಕೊಂಡಿದ್ದೆ. ಫ್ಯಾಷನ್ ಹೋಯಿತು, ಖಾಲಿ ಜಾಗ ಉಳಿಯಿತು.

ಕೂದಲಿನ ಬಣ್ಣದ ಬಗ್ಗೆ ನಾನು ಬೇಗ ಹೇಳಿ ಮುಗಿಸಬಹುದು. ಬಣ್ಣ ಹಾಕಿಸಿದ ಪ್ರತಿ ಸಲವೂ ಮೂರ್ನಾಲ್ಕು ದಿನ ಕಿವಿಯ ಹಿಂದೆ, ಕತ್ತಿನ ಹತ್ತಿರ ತುರಿಕೆ ಇರುತ್ತಿತ್ತು. ಎಲ್ಲರಿಗೂ ಇರುತ್ತದೆ ಎಂದುಕೊಂಡಿದ್ದೆ. ಲಾಕ್‌ಡೌನ್‌ನಲ್ಲಿ ಬಣ್ಣ ನಿಂತಿತು, ತುರಿಕೆಯೂ ನಿಂತಿತು. ಕಪ್ಪು ಬಣ್ಣಗಳಲ್ಲಿ ಪಿಪಿಡಿ ಎನ್ನುವ ರಾಸಾಯನಿಕ ಸಾಮಾನ್ಯ. ಕೆಲವರಿಗೆ ಅದು ಮುಖವೆಲ್ಲ ಊದಿಕೊಳ್ಳುವಷ್ಟು ಅಲರ್ಜಿ ಮಾಡುತ್ತದೆ. ಅದಕ್ಕೇ 48 ಗಂಟೆ ಮೊದಲು ಸ್ವಲ್ಪ ಹಚ್ಚಿ ನೋಡಿ ಎಂದು ಪ್ಯಾಕೆಟ್ ಮೇಲೆ ಬರೆದಿರುತ್ತಾರೆ. ನಾನು ಒಂದು ಸಲವೂ ನೋಡಿರಲಿಲ್ಲ. ಚರ್ಮದ ಡಾಕ್ಟರ್ ಹತ್ತಿರ ಮುಂದೆ ಹೋದಾಗ ಅವರು ಹೇಳಿದ್ದು ಒಂದೇ ಮಾತು: "ಉಗುರಲ್ಲಿ ಹೋಗುವುದನ್ನು ಕೊಡಲಿ ಬೇಕಾಗುವ ತನಕ ಬಿಡಬೇಡಿ." ಅಲ್ಲಿಗೆ ಬಣ್ಣ ಬಿಟ್ಟೆ. ತಲೆಗೂದಲು ತಿಂಗಳಿಗೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ಭುಜದವರೆಗಿನ ಬಣ್ಣ ಪೂರ್ತಿ ಕತ್ತರಿಸಿ ಹೋಗಲು ಎರಡು ವರ್ಷದ ಮೇಲೆ ಹಿಡಿಯಿತು. ಆ ಎರಡು ವರ್ಷ ಅರ್ಧ ಕಪ್ಪು, ಅರ್ಧ ಬಿಳಿ ತಲೆ ಹೊತ್ತು ಓಡಾಡಿದೆ. ಕಷ್ಟವಾಯಿತು. ಮಾಡಿದೆ.

ಪಾರ್ಲರ್ ಮತ್ತೆ ತೆರೆದಾಗ ನನಗೆ ಹೋಗಬೇಕು ಅನ್ನಿಸಿತು. ಇದು ನನಗೇ ಆಶ್ಚರ್ಯ. ಉಗುರು ಪೂರ್ತಿ ಬೆಳೆದಿತ್ತು, ಗಟ್ಟಿಯಾಗಿತ್ತು. ಮುಚ್ಚುವ ಅವಶ್ಯಕತೆ ಇರಲಿಲ್ಲ. ಆದರೂ ಆ ಕುರ್ಚಿ ನೆನಪಾಗುತ್ತಿತ್ತು. ಯಾಕೆ ಎಂದು ಯೋಚಿಸಿದೆ. ಬಣ್ಣ ನೆನಪಾಗುತ್ತಿರಲಿಲ್ಲ. ನೆನಪಾಗುತ್ತಿದ್ದದ್ದು ಒಂದು ಗಂಟೆ ಯಾರೂ ನನ್ನನ್ನು ಏನೂ ಕೇಳದೆ ಇರುವುದು. ಇನ್ನೊಬ್ಬರು ನನ್ನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು, ಒಂದೊಂದೇ ಬೆರಳನ್ನು ಗಮನವಿಟ್ಟು ನೋಡುವುದು. ದೊಡ್ಡವರಾದ ಮೇಲೆ ನಮ್ಮ ಕೈ ಹಿಡಿದು ಹಾಗೆ ಕೂರುವವರು ಎಷ್ಟು ಜನ? ಅದೂ ಯಾರನ್ನೂ ಮುಟ್ಟಬಾರದು ಎಂದು ತಿಂಗಳುಗಟ್ಟಲೆ ಇದ್ದ ಮೇಲೆ.

ಹೋದೆ. ಎಷ್ಟೋ ವರ್ಷದಿಂದ ನನ್ನ ಉಗುರು ಮಾಡುತ್ತಿದ್ದವರೇ ಇದ್ದರು. ಮಾಸ್ಕ್, ಅದರ ಮೇಲೆ ಪ್ಲಾಸ್ಟಿಕ್ ಶೀಲ್ಡ್, ನಡುವೆ ಗಾಜಿನ ತಡೆ. ನನ್ನ ಉಗುರು ನೋಡಿ, "ಅಕ್ಕಾ, ನಿಮ್ಮ ಉಗುರು ಎಷ್ಟು ಚೆನ್ನಾಗಿ ಬಂದಿದೆ! ಇದನ್ನ ಉಜ್ಜೋಕೆ ನನಗೇ ಮನಸ್ಸು ಬರ್ತಿಲ್ಲ" ಎಂದರು. ಆಗ ಅವರ ಬೆರಳು ಕಂಡಿತು. ತುದಿಗಳೆಲ್ಲ ಬಿರುಕು. ಚರ್ಮ ಒಣಗಿ ದಪ್ಪವಾಗಿ ಸೀಳಿತ್ತು. ಎರಡು ಬೆರಳಿನ ಉಗುರು ಕೆಳಗಿನ ಚರ್ಮದಿಂದ ಬಿಟ್ಟುಕೊಂಡಿತ್ತು. ಸ್ಯಾನಿಟೈಸರ್‌ನಿಂದ ಹೀಗಾಯ್ತಾ ಎಂದು ಕೇಳಿದೆ.

"ಇಲ್ಲ ಅಕ್ಕಾ. ಎರಡು ವರ್ಷದಿಂದ ಇದೆ. ನಿಮಗೆ ಕಾಣದ ಹಾಗೆ ಇರ್ತಿದ್ದೆ. ಲಾಕ್‌ಡೌನಲ್ಲಿ ಪೂರ್ತಿ ವಾಸಿಯಾಗಿತ್ತು. ಅಂಗಡಿ ತೆಗೆದ ಎರಡೇ ವಾರಕ್ಕೆ ಮತ್ತೆ ಬಂತು."

ಆ ಮಾತು ಕೇಳಿ ನನಗೆ ಮೈ ಜುಂ ಎಂದಿತು. ನನ್ನ ಕಿವಿಯ ಹಿಂದಿನ ತುರಿಕೆಯೂ ಹಾಗೇ ನಿಂತಿತ್ತಲ್ಲ. ಆದರೆ ನನಗೆ ಆರು ವಾರಕ್ಕೊಂದು ದಿನದ ವಿಷಯ, ಅವರಿಗೆ ದಿನಕ್ಕೆ ಎಂಟು ಗಂಟೆಯ ವಿಷಯ. ಚರ್ಮದ ಡಾಕ್ಟರಿಗೆ ತೋರಿಸಿ ಎಂದು ಒತ್ತಾಯ ಮಾಡಿದೆ, ನಾನೇ ಜೊತೆಗೆ ಹೋದೆ. ಪ್ಯಾಚ್ ಟೆಸ್ಟ್ ಮಾಡಿದರು. ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ 48 ಗಂಟೆ ಬಿಡುತ್ತಾರೆ, ತೆಗೆದು ನೋಡುತ್ತಾರೆ, ಎರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಅಕ್ರಿಲೇಟ್ ಅಲರ್ಜಿ ಎಂದು ಗೊತ್ತಾಯಿತು. ಜೆಲ್ ಮತ್ತು ಅಕ್ರಿಲಿಕ್ ಉಗುರು ಎರಡರಲ್ಲೂ ಇರುವ ರಾಸಾಯನಿಕಗಳ ಗುಂಪು ಇದು. ಅದರಲ್ಲಿ ಹೀಮಾ ಎಂದು ಕರೆಯುವ ಒಂದು, ಅಲರ್ಜಿಗೆ ಬಹಳ ಸಲ ಕಾರಣವಾಗುತ್ತದೆ. ಒಮ್ಮೆ ಈ ಅಲರ್ಜಿ ಬಂದರೆ ಸಾಮಾನ್ಯವಾಗಿ ಜೀವನವಿಡೀ ಇರುತ್ತದೆ. ಹಲ್ಲಿನ ಫಿಲ್ಲಿಂಗ್, ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಸಿಮೆಂಟ್‌ನಲ್ಲೂ ಇದೇ ಜಾತಿಯ ರಾಸಾಯನಿಕ ಇರುವುದರಿಂದ ಅಲ್ಲೂ ತೊಂದರೆ ಆಗಬಹುದು. ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲೇ ಈ ಎಚ್ಚರಿಕೆ ಕೊಟ್ಟಿತ್ತು. ತೆಳು ಲೇಟೆಕ್ಸ್ ಗ್ಲೌಸ್ ಇದನ್ನು ತಡೆಯುವುದಿಲ್ಲ, ಸ್ವಲ್ಪ ಹೊತ್ತಿಗೇ ಒಳಗೆ ಇಳಿಯುತ್ತದೆ. ನೈಟ್ರೈಲ್ ಗ್ಲೌಸ್ ಸ್ವಲ್ಪ ಮೇಲು, ಅದನ್ನೂ ಆಗಾಗ ಬದಲಿಸಬೇಕು. ಇಷ್ಟನ್ನು ಅವರಿಗೆ ಕೆಲಸಕ್ಕೆ ಸೇರುವಾಗ ಯಾರೂ ಹೇಳಿರಲಿಲ್ಲ.

ಅವರ ಸಂಪಾದನೆಯ ಮುಕ್ಕಾಲು ಪಾಲು ಜೆಲ್‌ನಿಂದ. ತಿಂಗಳುಗಟ್ಟಲೆ ಅಂಗಡಿ ಮುಚ್ಚಿ ಸಾಲ ಬೇರೆ. ಹೀಗಿರುವಾಗ ನಾನು "ಇನ್ನು ಮೇಲೆ ಜೆಲ್ ಬೇಡ" ಎಂದು ಎದ್ದು ಬರುವುದು ಸರಿಯಾ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ನನ್ನ ಉಗುರಿಗೆ ಒಳ್ಳೆಯದಾದದ್ದು ಅವರ ಹೊಟ್ಟೆಗೆ ಕೆಟ್ಟದಾಗಬಾರದಲ್ಲ. ಕೊನೆಗೆ ಅವರನ್ನೇ ಕೇಳಿದೆ. "ಕೈ ಮಸಾಜ್ ಮಾಡಿಸಿಕೊಳ್ಳಿ ಅಕ್ಕಾ, ಕಾಲು ಮಾಡಿಸಿಕೊಳ್ಳಿ, ಕೂದಲು ಕತ್ತರಿಸೋದು ನನಗೆ ಬರುತ್ತೆ. ಬರೋದು ನಿಲ್ಲಿಸಬೇಡಿ ಅಷ್ಟೇ" ಎಂದರು. ನಾನು ಬಯಸಿದ್ದೂ ಅದೇ. ಹಾಗೇ ಮಾಡಿಕೊಂಡೆವು.

2021ರಲ್ಲಿ ನನಗೆ ಕೋವಿಡ್ ಬಂತು. ಜ್ವರಕ್ಕೆ ಎರಡು ದಿನ ಮೊದಲು ಬೇಜಾರು ಕಳೆಯಲು ಸುಮ್ನೆ ಕಡುನೀಲಿ ನೇಲ್ ಪಾಲಿಶ್ ಹಚ್ಚಿಕೊಂಡಿದ್ದೆ, ಮಾಮೂಲಿನದು. ಮೂರನೇ ದಿನ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಬೆರಳಿಗೆ ಹಾಕಿದರೆ 89 ತೋರಿಸಿತು. ಮತ್ತೆ 91. ಮತ್ತೆ ಏನೂ ಇಲ್ಲ. ಅಮ್ಮನ ಕೈ ನಡುಗುತ್ತಿತ್ತು. ಫೋನಿನಲ್ಲಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಉಗುರಿಗೆ ಬಣ್ಣ ಇದೆಯಾ?" ಆಕ್ಸಿಮೀಟರ್ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನೂ ಉಗುರಿನ ಮೂಲಕ ಬೆರಳೊಳಗೆ ಹಾಯಿಸಿ, ಆಚೆ ಎಷ್ಟು ಬಂತು ಎಂದು ನೋಡಿ ಲೆಕ್ಕ ಹಾಕುತ್ತದೆ. ಕಡುಬಣ್ಣ ಆ ಬೆಳಕನ್ನು ತಡೆಯಬಹುದು. ರಿಮೂವರ್ ಹಾಕಿ ಒಂದು ಬೆರಳಿನದನ್ನು ಒರೆಸಿದೆವು. ಕೈ ಬೆಚ್ಚಗೆ ಮಾಡಿಕೊಂಡು ಒಂದು ನಿಮಿಷ ಅಲುಗದೆ ಕೂತೆ. 96. ಅಮ್ಮ ನೆಲದ ಮೇಲೆ ಕೂತುಬಿಟ್ಟರು. ಒರೆಸಿದರೆ ಹೋಗುವ ಬಣ್ಣವಾಗಿದ್ದಕ್ಕೆ ಬಚಾವಾದೆವು. ಹತ್ತೂ ಬೆರಳಿಗೆ ಜೆಲ್ ಇದ್ದಿದ್ದರೆ ಆ ರಾತ್ರಿ ಏನು ಮಾಡುತ್ತಿದ್ದೆವು? ಅವತ್ತಿನಿಂದ ನನ್ನದೊಂದು ನಿಯಮ ಇದೆ: ಏನೇ ಹಚ್ಚಿದರೂ ಒಂದು ಬೆರಳು ಖಾಲಿ ಇರಬೇಕು.

ವಾಸಿಯಾಗಿ ಎರಡು ತಿಂಗಳ ಮೇಲೆ ಇನ್ನೊಂದು ಕಂಡಿತು. ಹತ್ತೂ ಉಗುರಿನಲ್ಲಿ, ಬುಡದಿಂದ ಒಂದೇ ದೂರದಲ್ಲಿ, ಅಡ್ಡಕ್ಕೆ ಒಂದು ತಗ್ಗು ಗೆರೆ. ಬೆರಳಾಡಿಸಿದರೆ ಕೈಗೆ ಸಿಗುತ್ತಿತ್ತು. ಹೆದರಿ ಡಾಕ್ಟರಿಗೆ ತೋರಿಸಿದೆ. ಇವಕ್ಕೆ ಬ್ಯೂ ಗೆರೆಗಳು ಎನ್ನುತ್ತಾರಂತೆ. ಬ್ಯೂ ಎನ್ನುವ ಫ್ರಾನ್ಸಿನ ವೈದ್ಯ 1846ರಲ್ಲಿ ಇವನ್ನು ವಿವರಿಸಿದ್ದಾನೆ. ದೊಡ್ಡ ಜ್ವರ ಬಂದಾಗ ದೇಹ ಉಗುರು ಮಾಡುವ ಕೆಲಸವನ್ನು ಸ್ವಲ್ಪ ದಿನ ನಿಲ್ಲಿಸುತ್ತದೆ ಅಥವಾ ನಿಧಾನ ಮಾಡುತ್ತದೆ. ಮತ್ತೆ ಶುರು ಮಾಡಿದಾಗ ನಡುವೆ ತಗ್ಗು ಉಳಿಯುತ್ತದೆ. ಬುಡದಿಂದ ಗೆರೆಗೆ ಎಷ್ಟು ಮಿಲಿಮೀಟರ್ ಎಂದು ಅಳೆದರೆ ಕಾಯಿಲೆ ಯಾವಾಗ ಬಂದಿತ್ತು ಎಂದು ಅಂದಾಜು ಹೇಳಬಹುದು. "ಏನೂ ಮಾಡಬೇಕಾಗಿಲ್ಲ. ಬೆಳೆದು ಹೋಗುತ್ತದೆ" ಎಂದರು ಡಾಕ್ಟರ್. ಮತ್ತೆ ಅದೇ ಭಾನುವಾರದ ಫೋಟೋ, ಅದೇ ಕಿಟಕಿ. ಗೆರೆ ಬುಡದಿಂದ ಮಧ್ಯಕ್ಕೆ, ಮಧ್ಯದಿಂದ ತುದಿಗೆ ಬಂತು. 2022ರ ಜನವರಿಯಲ್ಲಿ ಒಂದು ಬೆಳಗ್ಗೆ ನೇಲ್ ಕಟರ್‌ನಲ್ಲಿ ಹೆಬ್ಬೆರಳಿನ ಆ ತುಂಡನ್ನು ಕತ್ತರಿಸಿದೆ. ಅಂಗೈಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದೆ. ಆ ಜ್ವರದ ರಾತ್ರಿಗಳು ಆ ಚೂರಿನಲ್ಲಿ ಇದ್ದವು. ಮೊದಲಿನ ಹಾಗೆ ಕಡುಗೆಂಪು ಹಾಕಿಕೊಂಡಿದ್ದರೆ ಇದು ನನಗೆ ಕಾಣುತ್ತಲೇ ಇರಲಿಲ್ಲ.

ಈಗ ಏನು ಮಾಡಿಸುತ್ತೇನೆ ಎಂದು ಗೆಳತಿಯರು ಕೇಳುತ್ತಾರೆ. ಕಾಲಿನ ಉಗುರಿಗೆ ಬಣ್ಣ ಹಚ್ಚುತ್ತೇನೆ, ಮಾಮೂಲಿ ಪಾಲಿಶ್, ಇಷ್ಟವಾಗುವುದರಿಂದ. ಹುಬ್ಬು ಎರಡು ತಿಂಗಳಿಗೊಮ್ಮೆ, ಕೆಳಗೆ ಚೆದುರಿದ್ದನ್ನು ಮಾತ್ರ ತೆಗೆಸುತ್ತೇನೆ, ಮೇಲ್ಭಾಗ ಮುಟ್ಟಿಸುವುದಿಲ್ಲ. ತಿಂಗಳ ಫೇಶಿಯಲ್ ಬಿಟ್ಟೆ. ಪ್ರತಿ ಸಲ ಉಜ್ಜಿಸಿಕೊಂಡು ಬಂದು ಎರಡು ದಿನ ಮುಖ ಕೆಂಪಗೆ ಉರಿಯುತ್ತಿದ್ದದ್ದನ್ನು ಹೊಳಪು ಎಂದುಕೊಂಡಿದ್ದೆ. ಈಗ ಸನ್‌ಸ್ಕ್ರೀನ್ ಒಂದನ್ನು ಮಾತ್ರ ತಪ್ಪಿಸುವುದಿಲ್ಲ. ವ್ಯಾಕ್ಸಿಂಗ್ ಬದಲು ಶೇವ್ ಮಾಡುತ್ತೇನೆ. ಶೇವ್ ಮಾಡಿದರೆ ಕೂದಲು ದಪ್ಪ ಬರುತ್ತದೆ ಎನ್ನುವುದು ಸುಳ್ಳು. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟು ಅನ್ನಿಸುತ್ತದೆ, ಅಷ್ಟೇ.

ಉಗುರಿನ ಬುಡದ ತೆಳು ಚರ್ಮವನ್ನು, ಅಂದರೆ ಕ್ಯುಟಿಕಲ್ ಅನ್ನು, ಕತ್ತರಿಸಲು ಯಾರಿಗೂ ಬಿಡುವುದಿಲ್ಲ. ಇದರ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಹಟ ಇದೆ. ಆ ಚರ್ಮ ಇರುವುದೇ ಬುಡಕ್ಕೆ ನೀರು, ಕೊಳೆ ಇಳಿಯದ ಹಾಗೆ ಮುಚ್ಚಲು. ಹಿಂದೆ ಒಮ್ಮೆ ಬೇರೊಂದು ಕಡೆ ಅದನ್ನು ಆಳಕ್ಕೆ ಕತ್ತರಿಸಿದ್ದರು. ಮೂರೇ ದಿನಕ್ಕೆ ಉಗುರುಸುತ್ತು ಆಗಿ ಬೆರಳು ಊದಿಕೊಂಡು, ರಾತ್ರಿಯೆಲ್ಲ ಟಕ್ ಟಕ್ ಎಂದು ಮಿಡಿಯುತ್ತಿತ್ತು. ಕೀವು ತೆಗೆಸಿ, ಮಾತ್ರೆ ನುಂಗಿ ವಾಸಿಯಾಗಲು ಹತ್ತು ದಿನ ಹಿಡಿಯಿತು. ಹಿಂದಕ್ಕೆ ಮೆಲ್ಲಗೆ ತಳ್ಳಿದರೆ ಸಾಕು.

ಜೆಲ್ ಅನ್ನು ಪೂರ್ತಿ ಬಿಟ್ಟಿಲ್ಲ ಎಂದು ಹೇಳಿಬಿಡುತ್ತೇನೆ. ಆಮೇಲೆ ಎರಡು ಸಲ ಹಾಕಿಸಿಕೊಂಡಿದ್ದೇನೆ, ಎರಡೂ ಸಲ ಖುಷಿಯಿಂದ. ದೀಪದ ಕೆಳಗೆ ಇಡುವ ಮೊದಲು ಕೈಗೆ ಸನ್‌ಸ್ಕ್ರೀನ್ ಹಚ್ಚಿ, ಬೆರಳ ತುದಿ ಕತ್ತರಿಸಿದ ಗ್ಲೌಸ್ ಹಾಕಿಕೊಂಡೆ. ಆ ದೀಪ ಕೊಡುವುದು ಯುವಿಎ ಎನ್ನುವ ನೇರಳಾತೀತ ಬೆಳಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ವಿಜ್ಞಾನಿಗಳು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶಗಳ ಡಿಎನ್‌ಎಗೆ ಇಂಥ ದೀಪದಿಂದ ಹಾನಿಯಾಗಿತ್ತು. ತಟ್ಟೆಯಲ್ಲಿನ ಜೀವಕೋಶ ಬೇರೆ, ಚರ್ಮ ಹೊದ್ದ ಬೆರಳು ಬೇರೆ. ಅದರಿಂದ ಕ್ಯಾನ್ಸರ್ ಬರುತ್ತದೆ ಎಂದು ಯಾರೂ ಸಾಬೀತು ಮಾಡಿಲ್ಲ. ಆದರೂ ಒಂದು ಜೊತೆ ಗ್ಲೌಸ್ ಹಾಕಿಕೊಳ್ಳಲು ಏನು ಕಷ್ಟ? ಬಾಟಲಿಯ ಹಿಂದೆ ಏನೇನಿದೆ ಎಂದು ಓದುವುದನ್ನೂ ಕಲಿತೆ. ಜೆಲ್ ಗಟ್ಟಿಯಾಗಲು ಹಾಕುವ ಟಿಪಿಒ ಎನ್ನುವುದನ್ನು ಯುರೋಪಿಯನ್ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಮಗ್ರಿಗಳಲ್ಲಿ ನಿಷೇಧಿಸಿದೆ. ಆರು ವರ್ಷ ಬೆರಳಿಗೆ ಹಚ್ಚಿಸಿಕೊಂಡದ್ದರ ಹೆಸರನ್ನು ಓದಲು ನಾನು ಇಷ್ಟು ತಡ ಮಾಡಬಾರದಿತ್ತು.

ಕಳೆದ ಸಲ ಪಾರ್ಲರ್‌ಗೆ ಕೈ ಮಸಾಜಿಗೆ ಹೋದಾಗ, ನನ್ನ ಉಗುರು ಮಾಡುತ್ತಿದ್ದವರು ಜೆಲ್ ಮಾಡುವುದನ್ನು ಪೂರ್ತಿ ಬಿಟ್ಟು ಎರಡು ತಿಂಗಳಾಗಿತ್ತು. ಬಿಡುತ್ತೇನೆ ಎಂದು ಶುರು ಮಾಡಿ, ಮತ್ತೆ ದುಡ್ಡಿಗಾಗಿ ಮಾಡಿ, ಮತ್ತೆ ಬೆರಳು ಸೀಳಿ, ಹೀಗೇ ಕೆಲವು ವರ್ಷ ಒದ್ದಾಡಿದ್ದರು. ಈಗ ಉಗುರಿನ ಮೇಜು ಇನ್ನೊಬ್ಬ ಹುಡುಗಿಯದು, ಮೊದಲ ದಿನದಿಂದಲೇ ನೈಟ್ರೈಲ್ ಗ್ಲೌಸ್ ಹಾಕಿಸಿ ಕಲಿಸಿದ್ದಾರೆ. ಇವರು ಕೂದಲು, ಮಸಾಜ್ ಅಷ್ಟೇ. ಮಸಾಜ್ ಮುಗಿದ ಮೇಲೆ ಮೇಜಿನ ದೀಪದ ಕೆಳಗೆ ನನ್ನ ಕೈ ಪಕ್ಕ ಅವರ ಕೈ ಇಟ್ಟರು. ಬಿರುಕು ಮುಚ್ಚಿತ್ತು. ಹೆಬ್ಬೆರಳಿನ ಬುಡದಲ್ಲಿ ಹೊಸ ಉಗುರು ನುಣ್ಣಗೆ, ತಿಳಿ ಗುಲಾಬಿಯಾಗಿ ಬರುತ್ತಿತ್ತು. "ತುದಿಗೆ ಬರೋಕೆ ಎಷ್ಟು ದಿನ ಬೇಕು ಅಕ್ಕಾ?" ಎಂದು ಕೇಳಿದರು. ಬೆರಳಿಟ್ಟು ಅಳೆದು, ಇನ್ನೂ ನಾಲ್ಕು ತಿಂಗಳು ಎಂದೆ.